ಓದುಗರ ಪ್ರಶ್ನೆ, ನಮ್ಮ ಉತ್ತರ: ನಾಡು ಬಿಟ್ಟವರಿಗೆ ನಾಡಿನ ಸ್ವಾತಂತ್ರ್ಯದ ಮತ ಇರಬೇಕೇ?

ಬ್ರಿಟನ್ನಿನಿಂದ ಬೇರೆಯಾಗಿ ಸ್ವತಂತ್ರ ದೇಶವಾಗಬೇಕೇ ಎಂದು ಸ್ಕಾಟ್ಲೆಂಡಿನಲ್ಲಿ 2014ರಲ್ಲಿ ನಡೆದ ಜನಮತಗಣನೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಹೊರಗೆ ನೆಲೆಸಿದವರಿಗೆ ಆಗ ಮತ ಇರಲಿಲ್ಲ ಎಂಬ ಒಂದು ಸಾಲು ಅದರಲ್ಲಿತ್ತು. ಆ ಸಾಲನ್ನು ಹಿಡಿದು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಸಾಕಷ್ಟು ಪತ್ರಗಳು ಬಂದಿವೆ. ಮುಂಬೈ, ಪುಣೆ, ಹೈದರಾಬಾದ್, ಗಲ್ಫ್ ಎಂದು ದುಡಿಯಲು ಮಕ್ಕಳನ್ನು ಕಳಿಸಿದ ಮನೆಗಳಿಂದ ಈ ಪ್ರಶ್ನೆ ಬಂದಿರುವುದು ಸಹಜ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

*ಲಂಡನ್ನಿನಲ್ಲಿ ಕೆಲಸ ಮಾಡುವ ಗ್ಲಾಸ್ಗೋ ಹುಡುಗನಿಗೆ ಮತವಿಲ್ಲ, ಎಡಿನ್‌ಬರೋದಲ್ಲಿ ಓದುವ ಭಾರತೀಯ ವಿದ್ಯಾರ್ಥಿಗೆ ಮತವಿದೆ. ಇದು ಯಾವ ನ್ಯಾಯ?*
— ರಾಜ್ಯಶಾಸ್ತ್ರ ವಿದ್ಯಾರ್ಥಿನಿ, ಕಲಬುರಗಿ

ನೀವು ಹೇಳಿದ್ದು ನಿಜ. 2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನಲ್ಲಿ ವಾಸವಿದ್ದ, 16 ವರ್ಷ ತುಂಬಿದ ಬ್ರಿಟಿಷ್, ಐರಿಷ್ ಮತ್ತು ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ ಮತವಿತ್ತು. ಅಲ್ಲಿರಲು ಕಾನೂನುಬದ್ಧ ಅನುಮತಿ ಇದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಇತ್ತು, ಹಾಗಾಗಿ ಭಾರತೀಯರಿಗೂ ಇತ್ತು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಬ್ರಿಟನ್ನಿನ ಉಳಿದ ಭಾಗಗಳಲ್ಲಿ ನೆಲೆಸಿದ್ದ ಸುಮಾರು 8 ಲಕ್ಷ ಜನರಿಗೆ ಮಾತ್ರ ಇರಲಿಲ್ಲ. ಸ್ವಾತಂತ್ರ್ಯದ ವಿರುದ್ಧ 20,01,926 ಮತ, ಪರವಾಗಿ 16,17,989 ಮತ ಬಿದ್ದವು. ಅಂತರ 3,83,937. ಹೊರಗಿದ್ದವರ ಸಂಖ್ಯೆ ಈ ಅಂತರದ ಎರಡರಷ್ಟು. ಅವರಿಗೆ ಮತ ಕೊಡಬೇಕೇ ಎಂಬ ಚರ್ಚೆ ಬರೀ ತತ್ವದ್ದಾಗಿರಲಿಲ್ಲ ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಆದರೂ ಈ ನಿಯಮ ಸರಿಯಾಗಿತ್ತು ಎಂದೇ ನಮ್ಮ ಅಭಿಪ್ರಾಯ. ಸ್ಕಾಟಿಷ್ ಪೌರತ್ವ ಎಂಬುದು ಕಾನೂನಿನಲ್ಲಿ ಇಲ್ಲ. ಹಾಗಿರುವಾಗ ಯಾರನ್ನು ಸ್ಕಾಟ್ ಎನ್ನುವುದು? ಹುಟ್ಟಿದ ಊರು ನೋಡಿದರೆ, ಎಡಿನ್‌ಬರೋ ಆಸ್ಪತ್ರೆಯಲ್ಲಿ ಹುಟ್ಟಿ ಆರು ತಿಂಗಳಿಗೇ ಇಂಗ್ಲೆಂಡಿಗೆ ಹೋದವನು ಒಳಗೆ ಬರುತ್ತಾನೆ, ಗಡಿಯಾಚೆ ಹುಟ್ಟಿ ಐವತ್ತು ವರ್ಷ ಸ್ಕಾಟ್ಲೆಂಡಿನಲ್ಲಿ ದುಡಿದವಳು ಹೊರಗೆ ಉಳಿಯುತ್ತಾಳೆ. ತಂದೆ ತಾಯಿಯ ಮೂಲ ನೋಡಿದರೆ ಮತದ ಹಕ್ಕು ವಂಶದ ಹಕ್ಕಾಗುತ್ತದೆ. ವಾಸದ ಆಧಾರದ ಮತದಾರರ ಪಟ್ಟಿ ಮೊದಲೇ ತಯಾರಿತ್ತು, ಸ್ಕಾಟ್ಲೆಂಡಿಗೆ ಸ್ವಂತ ಸಂಸತ್ತು ಬೇಕೇ ಎಂಬ 1997ರ ಜನಮತಗಣನೆಗೂ ಅದನ್ನೇ ಬಳಸಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಲಂಡನ್ನಿಗೆ ಹೋದ ಸ್ಕಾಟ್‌ನನ್ನು ಯಾರೂ ಓಡಿಸಿರಲಿಲ್ಲ. ಬೇಕೆಂದಾಗ ವಾಪಸು ಬಂದು ಮನೆ ಮಾಡಿ ಪಟ್ಟಿಗೆ ಹೆಸರು ಸೇರಿಸಬಹುದಿತ್ತು. ಪರೀಕ್ಷೆಗೆ ಬರೆಯುವಾಗ ಒಂದು ವಿನಾಯಿತಿಯನ್ನು ಮರೆಯಬೇಡಿ: ಸ್ಕಾಟ್ಲೆಂಡಿನ ವಿಳಾಸದಲ್ಲಿ ನೋಂದಾಯಿಸಿಕೊಂಡು ಹೊರಗೆ ಸೇವೆಯಲ್ಲಿದ್ದ ಸೈನಿಕರಿಗೆ ಮತವಿತ್ತು.

*ನಮ್ಮ ಕಡೆ ಅಣ್ಣ ಪುಣೆಗೆ ಹೋಗಿ ಇಪ್ಪತ್ತು ವರ್ಷ ಆದ್ರೂ ಪಹಣಿದಾಗ ಅವನ ಹೆಸರು ಇರ್ತದ. ಅವನ ಸಹಿ ಇಲ್ದ ಹೊಲ ಮಾರಾಕ ಬರಲ್ಲ. ಹಂಗಾರ ದೇಶ ಬಿಟ್ಟು ಹೋದವರಿಗಿ ದೇಶದ ಮ್ಯಾಲ ಹಕ್ಕು ಯಾಕ ಇಲ್ರಿ?*
— ರೈತರು, ಭಾಲ್ಕಿ ತಾಲ್ಲೂಕು

ಹೊರಗಿರುವವರ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿ ವಾದ ಇದೇ. ಈ ಸಲ ತೊಗರಿ ಬಿತ್ತಬೇಕೋ ಸೋಯಾ ಬಿತ್ತಬೇಕೋ ಎಂದು ಪುಣೆಯ ಅಣ್ಣನನ್ನು ಯಾರೂ ಕೇಳುವುದಿಲ್ಲ, ಅದು ಊರಲ್ಲಿರುವವರ ನಿರ್ಧಾರ. ಹೊಲವನ್ನೇ ಪಾಲು ಮಾಡುವಾಗ ಅವನು ಬರಲೇಬೇಕು. ಸಾಮಾನ್ಯ ಚುನಾವಣೆ ಮೊದಲನೆಯ ಥರದ್ದು, ಐದು ವರ್ಷಕ್ಕೆ ಬದಲಿಸಬಹುದು. ಸ್ವಾತಂತ್ರ್ಯದ ಮತ ಎರಡನೆಯ ಥರದ್ದು, ಒಮ್ಮೆ ಆದರೆ ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ‘ಚುನಾವಣೆಯಲ್ಲಿ ಮತ ಇಲ್ಲದವರಿಗೆ ಇದರಲ್ಲೂ ಬೇಡ’ ಎಂದು ಸುಮ್ಮನೆ ತಳ್ಳಿಹಾಕಲು ಬರುವುದಿಲ್ಲ.

ಆದರೆ ಹೊಲದ ಪಾಲನ್ನು ಅಳೆಯಬಹುದು, ಬೇಡವಾದರೆ ತಮ್ಮನಿಗೆ ಬರೆದುಕೊಟ್ಟು ಹೊರಡಬಹುದು. ಹೊಸ ದೇಶದ ಹೊರೆಯನ್ನು ಹಾಗೆ ಹಂಚಲು ಬರುವುದಿಲ್ಲ. ಹೊಸ ನಾಣ್ಯ ಕುಸಿದರೆ, ಪಿಂಚಣಿ ನಿಂತರೆ, ಗಡಿಯಲ್ಲಿ ಯುದ್ಧವಾದರೆ ಅನುಭವಿಸುವವರು ಅಲ್ಲಿ ಉಳಿದವರು. ಇನ್ನು ಹೊಲದ ಪಾಲು ಮೊಮ್ಮಕ್ಕಳಿಗೂ ಇಳಿಯುತ್ತದೆ. ಆ ಮಣ್ಣನ್ನೇ ಮೆಟ್ಟದ ಮೂರನೆಯ ತಲೆಮಾರಿಗೂ ಮತ ಕೊಡಬೇಕೇ?

ಪೆಸಿಫಿಕ್ ಸಾಗರದ ಟೋಕೆಲೌ ದ್ವೀಪಗಳನ್ನು ನೋಡಿ. ಅವು ನ್ಯೂಜಿಲೆಂಡಿನ ಆಡಳಿತದಲ್ಲಿವೆ, ಜನಸಂಖ್ಯೆ ಒಂದೂವರೆ ಸಾವಿರದಷ್ಟು. ಅದರ ಹಲವು ಪಟ್ಟು ಟೋಕೆಲೌ ಜನ ನ್ಯೂಜಿಲೆಂಡಿನಲ್ಲಿದ್ದಾರೆ. ನ್ಯೂಜಿಲೆಂಡಿನ ಜೊತೆ ನಂಟು ಉಳಿಸಿಕೊಂಡೇ ಸ್ವಯಮಾಡಳಿತ ಬೇಕೇ ಎಂದು 2006ರಲ್ಲಿ, ಮತ್ತೆ 2007ರಲ್ಲಿ ಮತ ಹಾಕಿಸಿದರು. ಗೆಲ್ಲಲು ಮೂರರಲ್ಲಿ ಎರಡು ಪಾಲು ಬೇಕಿತ್ತು. 2007ರಲ್ಲಿ 692 ಮತಗಳಲ್ಲಿ 446 ಪರವಾಗಿ ಬಿದ್ದು, 16 ಮತ ಕಡಿಮೆಯಾಗಿ ಪ್ರಸ್ತಾಪ ಬಿತ್ತು. ನ್ಯೂಜಿಲೆಂಡಿನಲ್ಲಿ ನೆಲೆಸಿದವರಿಗೆ ಮತವಿರಲಿಲ್ಲ. ಇದ್ದಿದ್ದರೆ ದ್ವೀಪದಲ್ಲಿ ಬದುಕುವವರ ತೀರ್ಮಾನವನ್ನು ಆಕ್ಲೆಂಡ್, ವೆಲಿಂಗ್ಟನ್‌ಗಳಲ್ಲಿ ಬದುಕುವವರು ಮಾಡಿದಂತಾಗುತ್ತಿತ್ತು.

ಎರಿಟ್ರಿಯಾದಲ್ಲಿ ನಡೆದದ್ದೇ ಬೇರೆ. ಇಥಿಯೋಪಿಯಾದಿಂದ ಬಿಡುಗಡೆಗಾಗಿ 1961ರಿಂದ 1991ರವರೆಗೆ ನಡೆದ ಯುದ್ಧ ಲಕ್ಷಾಂತರ ಜನರನ್ನು ಸುಡಾನ್, ಸೌದಿ, ಯುರೋಪು, ಅಮೆರಿಕಗಳಿಗೆ ಚದುರಿಸಿತ್ತು. 1993ರ ಏಪ್ರಿಲ್‌ನಲ್ಲಿ ಅವರೆಲ್ಲ ಇದ್ದಲ್ಲಿಂದಲೇ ಮತ ಹಾಕಿದರು. ಅದು ಸರಿ. ಮನೆ ಸುಟ್ಟು ಓಡಿಸಿದವನೇ ‘ನೀನು ಇಲ್ಲಿ ವಾಸವಿಲ್ಲ’ ಎಂದು ಹೆಸರು ಹೊಡೆದರೆ ಓಡಿಸಿದ್ದಕ್ಕೆ ಬಹುಮಾನ ಕೊಟ್ಟಂತೆ. ಎಷ್ಟು ವರ್ಷ ಹೊರಗಿದ್ದಾರೆ ಎಂಬುದಕ್ಕಿಂತ ಹೇಗೆ ಹೊರಬಿದ್ದರು ಎಂಬುದನ್ನು ಮೊದಲು ನೋಡಬೇಕು.

*1948ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಜನಮತಗಣನೆ ಆಗಿದ್ದರೆ ಸೊಲ್ಲಾಪುರದ ಕಡೆ ಓಡಿಹೋಗಿದ್ದ ನಮ್ಮ ಹಿರಿಯರ ಮತದ ಗತಿ ಏನಾಗುತ್ತಿತ್ತು?*
— ನಿವೃತ್ತ ಶಿಕ್ಷಕರು, ಬಸವಕಲ್ಯಾಣ

ಅಂದಿನ ಮಾತುಕತೆಯಲ್ಲಿ ಜನಮತಗಣನೆಯ ಪ್ರಸ್ತಾಪ ಇದ್ದದ್ದು ನಿಜ. 1947ರ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವಾಗಿತ್ತು. 1948ರ ಜೂನ್‌ನಲ್ಲಿ ಮೌಂಟ್‌ಬ್ಯಾಟನ್ ದೇಶ ಬಿಡುವ ಮುನ್ನ ತಯಾರಾದ ಕರಡಿನಲ್ಲಿ ಜನರ ಅಭಿಪ್ರಾಯ ಕೇಳುವ ಅಂಶವಿತ್ತು. ನಿಜಾಮರು ಆ ಕರಡಿಗೆ ಒಪ್ಪಲಿಲ್ಲ. ಸೆಪ್ಟೆಂಬರ್ 13ಕ್ಕೆ ಸೇನೆ ಒಳಬಂತು, 17ಕ್ಕೆ ಸಂಸ್ಥಾನ ಶರಣಾಯಿತು. ಮತ ಹಾಕುವ ಪ್ರಸಂಗವೇ ಬರಲಿಲ್ಲ.

ಬಂದಿದ್ದರೆ ಮೊದಲ ಜಗಳ ಪಟ್ಟಿಯದೇ ಆಗುತ್ತಿತ್ತು. ರಜಾಕಾರರ ಹಾವಳಿಗೆ ಹೆದರಿ ಗಡಿ ದಾಟಿದವರು, ಗಡಿಯ ಶಿಬಿರಗಳಲ್ಲಿದ್ದ ಸ್ಟೇಟ್ ಕಾಂಗ್ರೆಸ್ಸಿನ ಕಾರ್ಯಕರ್ತರು ಮತದ ದಿನ ಸಂಸ್ಥಾನದೊಳಗೆ ಇರುತ್ತಿರಲಿಲ್ಲ. ‘ಇಂದು ಇಲ್ಲಿರುವವರು’ ಎಂಬ ನಿಯಮವಾಗಿದ್ದರೆ ಅವರ ಮತ ಹೋಗುತ್ತಿತ್ತು. ಅದೇ ಹೊತ್ತಿನಲ್ಲಿ ನೆರೆಯ ಪ್ರಾಂತಗಳಿಂದ ಸಂಸ್ಥಾನಕ್ಕೆ ಆಶ್ರಯ ಬೇಡಿ ಬಂದವರಿದ್ದರು, ಅವರಿಗೆ ಮತ ಸಿಗುತ್ತಿತ್ತು. ಸಂಸ್ಥಾನದ ಬಳಿ ಒಂದು ಅಳತೆಗೋಲಂತೂ ಇತ್ತು: ಸರ್ಕಾರಿ ನೌಕರಿಗಾಗಿ 1919ರಲ್ಲಿ ಮಾಡಿದ ಮುಲ್ಕಿ ನಿಯಮ. ಹೊರಗಿನಿಂದ ಬಂದವರು 15 ವರ್ಷ ಕಾಯಂ ವಾಸವಿದ್ದು, ಹಳೆಯ ಊರಿಗೆ ಮರಳುವ ಉದ್ದೇಶ ಬಿಟ್ಟಿರುವುದಾಗಿ ಹೇಳಿದರೆ ಮುಲ್ಕಿ, ಅಂದರೆ ಸ್ಥಳೀಯರು, ಆಗುತ್ತಿದ್ದರು. ಹೊಸದಾಗಿ ಬಂದವರನ್ನು ಸೋಸಲು ಇದು ಸಾಕಿತ್ತು, ಓಡಿಹೋದವರನ್ನು ಉಳಿಸಿಕೊಳ್ಳಲು ಸಾಲದು. ಅದಕ್ಕೆ ಬೇಕಾದದ್ದು ಗಲಭೆಗಿಂತ ಹಿಂದಿನ ಒಂದು ತಾರೀಖು. ಆ ದಿನ ಇಲ್ಲಿದ್ದವರು, ಇಂದು ಎಲ್ಲೇ ಇರಲಿ, ಮತದಾರರು.

ಇದನ್ನು ಎರಡೂ ಕಡೆಯ ಜನರಿಗೆ ಅನ್ವಯಿಸಬೇಕು. ಸೆಪ್ಟೆಂಬರ್ ನಂತರದ ಹಿಂಸೆಯ ಬಗ್ಗೆ ವರದಿ ಕೊಟ್ಟ ಪಂಡಿತ್ ಸುಂದರಲಾಲ್ ಸಮಿತಿ ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಮತ್ತು ಗುಲ್ಬರ್ಗಾವನ್ನು ಹೆಸರಿಸಿದೆ. ಆಗ ಊರು ಬಿಟ್ಟ ಮುಸ್ಲಿಂ ಕುಟುಂಬಗಳಿಗೂ ಇದೇ ನ್ಯಾಯ ಸಲ್ಲಬೇಕಿತ್ತು. ನಮ್ಮವರು ಓಡಿದ್ದು ಅನ್ಯಾಯ, ಅವರು ಓಡಿದ್ದು ಸ್ವಇಚ್ಛೆ ಎಂದು ಬರೆದ ಪಟ್ಟಿಯ ಮೇಲೆ ಯಾವ ನಾಡೂ ನಿಲ್ಲುವುದಿಲ್ಲ.

ಇಂದಿನ ಭಾರತದ ಸಂವಿಧಾನದಲ್ಲಿ ಒಂದು ರಾಜ್ಯ ಬೇರೆ ದೇಶವಾಗಲು ಮತ ಹಾಕುವ ಅವಕಾಶವೇ ಇಲ್ಲ. ಆದರೆ ‘ಈ ನೆಲದವರು ಯಾರು’ ಎಂಬ ಪ್ರಶ್ನೆ ನಮ್ಮ ಭಾಗಕ್ಕೆ ಹೊಸದೂ ಅಲ್ಲ. 371(ಜೆ) ವಿಧಿ ಕಾಲೇಜು ಸೀಟಿನ ಮೀಸಲಾತಿಗೆ ಹುಟ್ಟು ಅಥವಾ ಕಾಯಂ ವಾಸ, ಎರಡನ್ನೂ ಒಪ್ಪುತ್ತದೆ.

*ಹೊರಗಿನವರಿಗೆ ಮತ ಕೊಟ್ಟ ಕಡೆ ನಿಜವಾಗಿ ಹೇಗೆ ನಡೆಸಿದರು? ಎಲ್ಲಿ ಕೆಡುತ್ತದೆ?*
— ಚುನಾವಣಾ ಕೆಲಸ ಮಾಡಿದ ಸರ್ಕಾರಿ ನೌಕರರು, ಶಹಾಪುರ

ಮತಗಟ್ಟೆಯಲ್ಲಿ ಕೂತವರಿಗೆ ಗೊತ್ತಿರುವಂತೆ, ಕೆಡುವುದು ಮತದ ದಿನಕ್ಕಿಂತ ಪಟ್ಟಿ ಮಾಡುವ ದಿನ.

ಪೂರ್ವ ತಿಮೋರ್‌ನಲ್ಲಿ 1999ರ ಆಗಸ್ಟ್ 30ರಂದು ವಿಶ್ವಸಂಸ್ಥೆಯೇ ಮತ ನಡೆಸಿತು. ಅರ್ಹತೆಯ ನಿಯಮ ಚಿಕ್ಕದಾಗಿತ್ತು: 17 ವರ್ಷ ತುಂಬಿರಬೇಕು, ಅಲ್ಲಿ ಹುಟ್ಟಿರಬೇಕು, ಇಲ್ಲವೇ ತಂದೆ ತಾಯಿಯರಲ್ಲಿ ಒಬ್ಬರು ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅಂಥವರ ಗಂಡ ಅಥವಾ ಹೆಂಡತಿಯಾಗಿರಬೇಕು. ಇಂಡೋನೇಷ್ಯಾದ ಇತರ ಭಾಗಗಳು, ಆಸ್ಟ್ರೇಲಿಯಾ, ಪೋರ್ಚುಗಲ್, ಮಕಾವು, ಮೊಜಾಂಬಿಕ್, ನ್ಯೂಯಾರ್ಕ್‌ಗಳಲ್ಲಿ ಹೊರಗಿನ ಕೇಂದ್ರಗಳಿದ್ದವು. ಸುಮಾರು 4.5 ಲಕ್ಷ ಮತದಾರರಲ್ಲಿ ಹೊರಗಿನವರು 13 ಸಾವಿರದಷ್ಟು. ಶೇ 78.5 ಜನ ಇಂಡೋನೇಷ್ಯಾದ ಒಳಗಿನ ಸ್ವಾಯತ್ತತೆಯನ್ನು ತಿರಸ್ಕರಿಸಿದರು, ಅಂದರೆ ಸ್ವಾತಂತ್ರ್ಯವನ್ನು ಆರಿಸಿದರು. ಒಳಗಿನ ಮತಪತ್ರಗಳನ್ನು ಊರೂರಲ್ಲಿ ಎಣಿಸಲಿಲ್ಲ, ಎಲ್ಲವನ್ನೂ ದಿಲಿ ನಗರಕ್ಕೆ ತಂದು ಎಣಿಸಿದರು. ಯಾವ ಊರು ಯಾವ ಕಡೆ ಹಾಕಿತು ಎಂದು ತಿಳಿದರೆ ಆ ಊರಿಗೆ ಬೆಂಕಿ ಬೀಳುತ್ತದೆ ಎಂಬ ಎಚ್ಚರ ಅದರ ಹಿಂದಿತ್ತು. ಬೆಂಕಿ ಬಿದ್ದದ್ದು ಬಿತ್ತು, ಇಂಡೋನೇಷ್ಯಾ ಪರದ ಸಶಸ್ತ್ರ ಗುಂಪುಗಳು ಇಡೀ ನಾಡನ್ನೇ ಸುಟ್ಟವು. ಆದರೂ ಆ ಕ್ರಮ ಸರಿಯಾಗಿತ್ತು.

ದಕ್ಷಿಣ ಸುಡಾನಿನಲ್ಲಿ 2011ರ ಜನವರಿ 9ರಿಂದ 15ರವರೆಗೆ ಮತ ನಡೆಯಿತು. ಎಂಟು ಹೊರದೇಶಗಳಲ್ಲಿ ಕೇಂದ್ರ ತೆರೆದರು: ಈಜಿಪ್ಟ್, ಇಥಿಯೋಪಿಯಾ, ಕೆನ್ಯಾ, ಉಗಾಂಡಾ, ಆಸ್ಟ್ರೇಲಿಯಾ, ಬ್ರಿಟನ್, ಕೆನಡಾ, ಅಮೆರಿಕ. ಬುಡಕಟ್ಟಿನ ಮೂಲ, ಇಲ್ಲವೇ 1956ರ ಜನವರಿ 1ರಿಂದ ಅಲ್ಲಿ ವಾಸವಿದ್ದ ಕುಟುಂಬ ಎಂಬುದು ಅರ್ಹತೆ. ಯುದ್ಧದಲ್ಲಿ ಕಾಗದಪತ್ರ ಕಳೆದುಕೊಂಡವರೇ ಹೆಚ್ಚಾದ್ದರಿಂದ ಸಮುದಾಯದ ಹಿರಿಯರು ಕೂತು ಗುರುತು ಹೇಳುವ ಏರ್ಪಾಡು ಮಾಡಿದರು. ಮತಪತ್ರದಲ್ಲಿ ಚಿತ್ರಗಳಿದ್ದವು: ಪ್ರತ್ಯೇಕತೆಗೆ ಎತ್ತಿದ ಒಂಟಿ ಕೈ, ಏಕತೆಗೆ ಹಿಡಿದುಕೊಂಡ ಎರಡು ಕೈ. ಓದು ಬಾರದವರಿಗೂ ಗೊಂದಲವಿಲ್ಲ.

ಕೆಟ್ಟದ್ದು ಎರಡು ಕಡೆ. ಮೊದಲನೆಯದು ದೂರ. 2010ರ ನವೆಂಬರ್-ಡಿಸೆಂಬರ್‌ನಲ್ಲಿ ಒಮ್ಮೆ ನೋಂದಣಿಗೆ, ಜನವರಿಯಲ್ಲಿ ಮತ್ತೊಮ್ಮೆ ಮತಕ್ಕೆ, ಎರಡು ಸಲವೂ ಅದೇ ಕೇಂದ್ರಕ್ಕೆ ಹೋಗಬೇಕಿತ್ತು. ಅಮೆರಿಕದಷ್ಟು ದೊಡ್ಡ ದೇಶದಲ್ಲಿ ಒಮಾಹಾ, ಡಲ್ಲಾಸ್, ಫೀನಿಕ್ಸ್, ಸಿಯಾಟಲ್ ಎಂದು ಕೆಲವೇ ನಗರಗಳಲ್ಲಿ ಕೇಂದ್ರ. ದಿನಗೂಲಿಯ ಮೇಲೆ ಬದುಕುವ ನಿರಾಶ್ರಿತರು ಎರಡು ಸಲ ರಜೆ, ಎರಡು ಸಲ ಪ್ರಯಾಣದ ಖರ್ಚು ಹೊಂದಿಸುವುದು ಹೇಗೆ? ಎಂಟು ದೇಶ ಸೇರಿ ಸುಮಾರು 60 ಸಾವಿರ ಜನ ಮಾತ್ರ ನೋಂದಾಯಿಸಿದರು. ಒಟ್ಟು ಪಟ್ಟಿ 39 ಲಕ್ಷ ದಾಟಿತ್ತು.

ಎರಡನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ನೋಂದಾಯಿತರಲ್ಲಿ ಶೇ 60 ಜನ ಮತ ಹಾಕದಿದ್ದರೆ ಫಲಿತಾಂಶವೇ ಊರ್ಜಿತವಲ್ಲ ಎಂಬ ಷರತ್ತಿತ್ತು. ಇಂಥ ಷರತ್ತಿದ್ದಾಗ, ಹೆಸರು ಬರೆಸಿ ಮತ ಹಾಕಲಾಗದವನು ತನ್ನ ಪಕ್ಷಕ್ಕೇ ಪೆಟ್ಟು ಕೊಡುತ್ತಾನೆ. ಉತ್ತರ ಸುಡಾನಿನಲ್ಲಿದ್ದ ದಕ್ಷಿಣದವರನ್ನು ನೋಂದಾಯಿಸಿ, ಆಮೇಲೆ ತಡೆದು, ಲೆಕ್ಕ ಕೆಡಿಸಬಹುದೆಂದು ದಕ್ಷಿಣವನ್ನು ಆಳುತ್ತಿದ್ದ ಎಸ್‌ಪಿಎಲ್‌ಎಂ ಪಕ್ಷ ಹೆದರಿತು, ಅಲ್ಲಿ ಹೆಸರು ಬರೆಸಬೇಡಿ ಎಂದೇ ಹೇಳಿತು. ಅಲ್ಲಿ ನೋಂದಾಯಿಸಿದವರು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಹಾಜರಾತಿಯ ಷರತ್ತು ಮತ್ತು ಹೊರಗಿನ ಮತದಾರರ ಪಟ್ಟಿ, ಎರಡನ್ನೂ ಒಟ್ಟಿಗೆ ಇಟ್ಟರೆ ಹೀಗೇ ಆಗುವುದು. ಹೊರಗಿನವರನ್ನು ಸೇರಿಸುವುದಾದರೆ ಹಾಜರಾತಿಯನ್ನು ಒಳಗಿನವರ ಮೇಲಷ್ಟೇ ಲೆಕ್ಕ ಹಾಕಬೇಕು.

ಮಾಂಟೆನೆಗ್ರೊ 2006ರ ಮೇ 21ರಂದು ಸೆರ್ಬಿಯಾದಿಂದ ಬೇರೆಯಾಗಲು ಮತ ಹಾಕಿತು. ಶೇ 55 ದಾಟಬೇಕಿತ್ತು, ಬಂದದ್ದು ಶೇ 55.5. ಹೊರದೇಶದಲ್ಲಿ ಮತಗಟ್ಟೆ ಇರಲಿಲ್ಲ. ಹಳೆಯ ಪಟ್ಟಿಯಲ್ಲಿ ಹೆಸರಿದ್ದ ದೂರದೇಶದವರು ವಿಮಾನ ಹತ್ತಿ ಬಂದು ಮತ ಹಾಕಿದರು. ಸೆರ್ಬಿಯಾದಲ್ಲಿ ಮತದಾರರಾಗಿ ನೆಲೆಸಿದ್ದ ಮಾಂಟೆನೆಗ್ರೊ ಮೂಲದವರಿಗೆ ಆ ಅವಕಾಶ ಇರಲಿಲ್ಲ. ಅಂತರ ಇಷ್ಟು ಸಣ್ಣದಾದಾಗ ಪಟ್ಟಿಯ ನಿಯಮವೇ ಫಲಿತಾಂಶವನ್ನು ಬರೆಯಿತು ಎಂಬ ಅನುಮಾನ ಉಳಿದುಬಿಡುತ್ತದೆ.

ಪೆಸಿಫಿಕ್‌ನಲ್ಲಿ ಫ್ರಾನ್ಸಿನ ಆಡಳಿತದಲ್ಲಿರುವ ನ್ಯೂ ಕ್ಯಾಲೆಡೋನಿಯಾದಲ್ಲಿ ಇದೇ ಜಗಳ ತಿರುಗುಮುರುಗಾಗಿದೆ. ಅಲ್ಲಿ ಮತ ತಪ್ಪಿದ್ದು ನೆಲೆಸಿರುವ ಹೊಸಬರಿಗೆ. ಫ್ರಾನ್ಸಿನಿಂದ ಜನರನ್ನು ಕಳಿಸಿ ಮೂಲನಿವಾಸಿ ಕನಕರನ್ನು ಅಲ್ಪಸಂಖ್ಯಾತರಾಗಿಸುವ ಮಾತು 1972ರಲ್ಲಿ ಫ್ರೆಂಚ್ ಪ್ರಧಾನಿಯ ಪತ್ರದಲ್ಲೇ ಇತ್ತು. ಆದ್ದರಿಂದ 1998ರ ಒಪ್ಪಂದದ ನಂತರ ಸ್ವಾತಂತ್ರ್ಯದ ಮತದ ಪಟ್ಟಿಯಲ್ಲಿ 20 ವರ್ಷದ ವಾಸದಂಥ ಕಟ್ಟುನಿಟ್ಟಿನ ಷರತ್ತು ಬಂತು. ಪ್ರಾಂತೀಯ ಚುನಾವಣೆಯ ಪಟ್ಟಿಯನ್ನು 10 ವರ್ಷ ನೆಲೆಸಿದವರಿಗೆ ತೆರೆಯಲು ಹೊರಟಾಗ 2024ರ ಮೇ ತಿಂಗಳಲ್ಲಿ ದ್ವೀಪ ಹೊತ್ತಿ ಉರಿಯಿತು.

ಪಶ್ಚಿಮ ಸಹಾರಾದಲ್ಲಂತೂ ಮತ ನಡೆಯಲೇ ಇಲ್ಲ. ವಿಶ್ವಸಂಸ್ಥೆಯ ತಂಡ 1991ರಲ್ಲೇ ಹೋಯಿತು. 1974ರ ಸ್ಪ್ಯಾನಿಷ್ ಜನಗಣತಿ ಸಾಕು ಎಂದು ಸ್ವಾತಂತ್ರ್ಯ ಬೇಡುವ ಪೊಲಿಸಾರಿಯೋ ಒಂದು ಕಡೆ, ಇನ್ನೂ ಬುಡಕಟ್ಟುಗಳನ್ನು ಸೇರಿಸಿ ಎಂದು ನೆಲವನ್ನು ಹಿಡಿದಿರುವ ಮೊರಾಕ್ಕೊ ಇನ್ನೊಂದು ಕಡೆ. 2000ದ ಹೊತ್ತಿಗೆ ಸುಮಾರು 86 ಸಾವಿರ ಹೆಸರಿನ ತಾತ್ಕಾಲಿಕ ಪಟ್ಟಿ ಬಂತು, ಅದರ ಮೇಲೆ 1.3 ಲಕ್ಷಕ್ಕೂ ಹೆಚ್ಚು ಮೇಲ್ಮನವಿ ಬಿದ್ದವು. ಅಲ್ಲಿಗೆ ನಿಂತಿತು. ಅಲ್ಜೀರಿಯಾದ ತಿಂಡೂಫ್ ಶಿಬಿರಗಳಲ್ಲಿ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿವೆ.

*ಎರಡೂ ಕಡೆ ಹೇಳಿದ್ದು ಸಾಕು. ನಿಯಮ ನೀವೇ ಬರೆಯುವುದಾದರೆ ಹೇಗೆ ಬರೆಯುತ್ತೀರಿ?*
— ವಕೀಲರು, ಕಲಬುರಗಿ

ಮತದ ಹಕ್ಕು ಮೊದಲು ಅಲ್ಲಿ ನೆಲೆಸಿದವರದು, ಮೂಲ ಯಾವುದೇ ಇರಲಿ. ಓದು, ಸೈನ್ಯ, ಚಿಕಿತ್ಸೆ, ಹಂಗಾಮಿ ಕೂಲಿಗೆಂದು ಹೊರಗಿರುವವರನ್ನು ನೆಲೆಸಿದವರೆಂದೇ ಎಣಿಸುತ್ತೇವೆ. ಯುದ್ಧ, ದಂಗೆ, ಆಳುವವರ ಕಿರುಕುಳದಿಂದ ಹೊರಬಿದ್ದವರಿಗೆ ಮತ್ತು ಆ ವನವಾಸದಲ್ಲಿ ಹುಟ್ಟಿದ ಅವರ ಮಕ್ಕಳಿಗೆ ಪೂರ್ಣ ಮತ, ವರ್ಷದ ಮಿತಿ ಇಲ್ಲದೆ. ನಿರಾಶ್ರಿತರ ನೋಂದಣಿ ಚೀಟಿ, ಶಿಬಿರದ ರೇಷನ್ ಕಾರ್ಡ್ ಇದ್ದರೆ ಸಾಕು. ಇಲ್ಲದವರಿಗೆ ಹಿರಿಯರ ಸಾಕ್ಷಿ, ಎರಡೂ ಪಕ್ಷದ ಏಜೆಂಟರ ಎದುರಿನಲ್ಲಿ.

ಒಳ್ಳೆಯ ಸಂಬಳಕ್ಕೆ, ಒಳ್ಳೆಯ ಬದುಕಿಗೆ ಸ್ವಂತ ಇಚ್ಛೆಯಿಂದ ಹೋದವರ ವಿಷಯದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ದಾರಿ ನಮಗೆ ಒಪ್ಪಿಗೆ. ಅಲ್ಲಿ ಕನಿಷ್ಠ 12 ತಿಂಗಳು ವಾಸವಿದ್ದು, ಹೊರಟು ಎರಡು ವರ್ಷದೊಳಗಾಗಿದ್ದು, ಮರಳುವ ಉದ್ದೇಶ ಇದ್ದವರು ಅಂಚೆಯ ಮೂಲಕ ಮತ ಹಾಕಬಹುದಿತ್ತು. ಕೆನಡಾದಿಂದ ಬೇರೆಯಾಗಬೇಕೇ ಎಂದು 1995ರ ಅಕ್ಟೋಬರ್ 30ರಂದು ನಡೆದ ಮತದಲ್ಲಿ ಎರಡು ಬದಿಯ ಅಂತರ ಬರೀ 54,288. ಇಷ್ಟು ಬಿಗಿಯಾದ ಸ್ಪರ್ಧೆಯಲ್ಲಿ ಮರಳುವ ಉದ್ದೇಶವನ್ನು ಬಾಯಿಮಾತಿನಲ್ಲಿ ನಂಬುವುದು ಕಷ್ಟ ಎಂಬ ಆಕ್ಷೇಪ ನಿಜವೇ. ಅದಕ್ಕಾಗಿಯೇ ವರ್ಷದ ಮಿತಿ ಚಿಕ್ಕದಿರಬೇಕು. ಮೊಮ್ಮಕ್ಕಳಿಗೆ, ಬೇರೆ ದೇಶದ ಪೌರತ್ವ ಇಷ್ಟಪಟ್ಟು ಪಡೆದವರಿಗೆ ಮತ ಬೇಡ. ಅವರು ಹಣ ಕಳಿಸಲಿ, ವಾದ ಮಾಡಲಿ, ಊರಿಗೆ ಬಂದು ಪ್ರಚಾರವನ್ನೂ ಮಾಡಲಿ.

ಪಟ್ಟಿಯ ನಿಯಮವನ್ನು ಪ್ರಶ್ನೆಯ ವಾಕ್ಯ ಬರೆಯುವುದಕ್ಕೂ ಮೊದಲೇ ಎರಡೂ ಪಕ್ಷ ಸಹಿ ಹಾಕಿ ಮುಗಿಸಿರಬೇಕು. ಹೊರಗಿನ ಮತಗಳನ್ನು ಒಳಗಿನ ಮತಗಳೊಂದಿಗೆ ಬೆರೆಸಿಯೇ ಎಣಿಸಬೇಕು. ಬೇರೆ ಎಣಿಸಿದರೆ ಲೆಕ್ಕ ಪಾರದರ್ಶಕವಾಗುತ್ತದೆ ಎಂಬುದು ನಿಜ, ಆದರೆ ‘ಒಳಗೆ ಸೋತರು, ಹೊರಗಿನವರಿಂದ ಗೆದ್ದರು’ ಎಂಬ ಮಾತು ಹೊಸ ದೇಶದ ಮೊದಲ ದಿನವೇ ಹುಟ್ಟಿಕೊಳ್ಳುತ್ತದೆ.

*ನಮ್ಮ ತಮ್ಮ ರಿಯಾದ್‌ದಾಗ ಇದ್ದಾನ್ರಿ, ಪಾಸ್‌ಪೋರ್ಟ್ ಭಾರತದ್ದೇ. ಅಲ್ಲಿಂದಲೇ ಇಲ್ಲಿನ ಎಲೆಕ್ಷನ್‌ಗಿ ವೋಟ್ ಹಾಕಬಹುದಾ?*
— ಓದುಗರು, ಹುಮನಾಬಾದ್

ಅಲ್ಲಿಂದ ಹಾಕಲು ಬರುವುದಿಲ್ಲ, ಬಂದು ಹಾಕಬಹುದು. ಜನಪ್ರಾತಿನಿಧ್ಯ ಕಾಯ್ದೆಗೆ 2010ರ ತಿದ್ದುಪಡಿಯಿಂದ ಬಂದ 20ಎ ಕಲಂ ಪ್ರಕಾರ, ಬೇರೆ ದೇಶದ ಪೌರತ್ವ ಪಡೆಯದ ಅನಿವಾಸಿ ಭಾರತೀಯರು ಫಾರಂ 6ಎ ತುಂಬಿ ಪಟ್ಟಿಗೆ ಸೇರಬಹುದು. ಕ್ಷೇತ್ರ ಯಾವುದೆಂದು ತೀರ್ಮಾನಿಸುವುದು ಪಾಸ್‌ಪೋರ್ಟಿನಲ್ಲಿರುವ ಭಾರತದ ವಿಳಾಸ. ಹೆಚ್ಚಿನವರು ಎಡವುವುದು ಇಲ್ಲೇ. ಮುಂಬೈಯಲ್ಲಿದ್ದಾಗ ಪಾಸ್‌ಪೋರ್ಟ್ ಮಾಡಿಸಿದ್ದರೆ ಕ್ಷೇತ್ರ ಮುಂಬೈಯದಾಗುತ್ತದೆ, ಹುಮನಾಬಾದ್ ಆಗುವುದಿಲ್ಲ. ಮೊದಲು ವಿಳಾಸ ಬದಲಿಸಬೇಕು.

ಅರ್ಜಿಯನ್ನು ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ, ಇಲ್ಲವೇ ಕ್ಷೇತ್ರದ ಮತದಾರರ ನೋಂದಣಿ ಅಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ಇತ್ತೀಚಿನ ಬಣ್ಣದ ಫೋಟೊ, ಪಾಸ್‌ಪೋರ್ಟಿನ ಫೋಟೊ ಪುಟ, ವಿಳಾಸದ ಪುಟ, ವೀಸಾ ಇರುವ ಪುಟ ಬೇಕು. ಅಂಚೆಯಲ್ಲಾದರೆ ಪ್ರತಿಗಳ ಮೇಲೆ ಅವರದೇ ಸಹಿ ಇರಲಿ. ಗಲ್ಫ್‌ನಲ್ಲಿ ಪಾಸ್‌ಪೋರ್ಟ್ ಮಾಲೀಕರ ಕೈಯಲ್ಲಿರುವುದುಂಟು. ಊರಿಗೆ ಬಂದಾಗಲೇ ಎಲ್ಲ ಪುಟಗಳನ್ನು ಸ್ಕ್ಯಾನ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಆಮೇಲೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ಬಂದು ವಿಚಾರಿಸುತ್ತಾರೆ, ಮನೆಯವರು ಗುರುತು ಹೇಳಿ ಬರೆದುಕೊಡಬೇಕು. ಹೇಳುವವರು ಯಾರೂ ಇಲ್ಲದಿದ್ದರೆ ಕಾಗದಗಳು ಆ ದೇಶದ ನಮ್ಮ ರಾಯಭಾರ ಕಚೇರಿಗೆ ಹೋಗುತ್ತವೆ, ತಡವಾಗುತ್ತದೆ. ಚುನಾವಣೆ ಘೋಷಣೆಯಾಗಲಿ ಎಂದು ಕಾಯಬೇಡಿ.

ಹಳೆಯ ಸಾಮಾನ್ಯ ಮತದಾರರ ಚೀಟಿ ಇದ್ದರೆ ಅದನ್ನು ಒಪ್ಪಿಸಬೇಕು, ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಅನಿವಾಸಿಗಳಿಗೆ ಗುರುತಿನ ಚೀಟಿ ಕೊಡುವುದಿಲ್ಲ. ಪಟ್ಟಿಯ ಕೊನೆಯ ಭಾಗದಲ್ಲಿ ಹೆಸರಿರುತ್ತದೆ, ಮತಗಟ್ಟೆಯಲ್ಲಿ ಮೂಲ ಪಾಸ್‌ಪೋರ್ಟ್ ತೋರಿಸಬೇಕು.

ಖುದ್ದು ಬರಬೇಕೆಂಬ ಷರತ್ತಿನ ಫಲ ಏನೆಂದರೆ, 2024ರ ಲೋಕಸಭಾ ಚುನಾವಣೆಯಲ್ಲಿ ನೋಂದಾಯಿಸಿದ್ದ ಸುಮಾರು 1.19 ಲಕ್ಷ ಅನಿವಾಸಿಗಳಲ್ಲಿ ಮತ ಹಾಕಿದವರು 2,958, ಅದರಲ್ಲಿ ಬಹುಪಾಲು ಕೇರಳದವರು. ಪ್ರತಿನಿಧಿಯ ಮೂಲಕ ಮತ ಹಾಕಿಸುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಗಿ, ಮುಂದೆ ಹೋಗದೆ ಬಿದ್ದುಹೋಯಿತು. ಎರಡು ವರ್ಷದ ಕರಾರಿನ ಮೇಲೆ ದುಡಿಯಲು ಹೋದ ನಿಮ್ಮ ತಮ್ಮನಂಥವರಿಗೆ ಅಂಚೆ ಮತವಾದರೂ ಸಿಗಬೇಕು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಅವರು ನೆಲೆ ಬದಲಿಸಿಲ್ಲ, ಕೂಲಿಗೆ ಹೋಗಿದ್ದಾರೆ.

*ಮಗಳು ಅಮೆರಿಕದ ಪ್ರಜೆಯಾಗಿದ್ದಾಳೆ, ಓಸಿಐ ಕಾರ್ಡ್ ಇದೆ. ಅವಳಿಗೆ?*
— ಓದುಗರು, ಯಾದಗಿರಿ

ಇಲ್ಲ. ಬೇರೆ ದೇಶದ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ. ಓಸಿಐ ಕಾರ್ಡಿನಿಂದ ವೀಸಾ ಇಲ್ಲದೆ ಬರಬಹುದು, ಇರಬಹುದು, ಮತ ಹಾಕುವಂತಿಲ್ಲ. ಪಟ್ಟಿಯಲ್ಲಿ ಹಳೆಯ ಹೆಸರು ಇನ್ನೂ ಉಳಿದಿದ್ದರೆ ಫಾರಂ 7 ಕೊಟ್ಟು ತೆಗೆಸಿ.